ಬಿಂದುಗಳ ಹಿಂದಿರುವ ಸಬ್‌ಸ್ಪೇಸ್

ನೋಡಮ್ಮಾ, ಸಂಶೋಧನೆಗೆ ಲೀನಿಯರ್ ಸೆಟ್‌ಗಳನ್ನೇ ಆರಿಸಿಕೊಂಡೆಯಂತೆ, ಕೇಳಿ ಬಹಳ ಸಂತೋಷವಾಯಿತು. ಗುಲ್ಯೆಲ್ಮೊ ಲುನಾರ್ದೊನ್ 1999ರಲ್ಲಿ ಮುಂದಿಟ್ಟ ಈ ಕಲ್ಪನೆಯ ವ್ಯಾಖ್ಯೆ ಎರಡು ಸಾಲು ದಾಟುವುದಿಲ್ಲ. ದೊಡ್ಡ ಫೀಲ್ಡ್ ಮೇಲಿನ ವೆಕ್ಟರ್ ಸ್ಪೇಸ್‌ನಲ್ಲಿ, ಅದರೊಳಗಿನ ಚಿಕ್ಕ ಫೀಲ್ಡ್‌ಗೆ ಸಬ್‌ಸ್ಪೇಸ್ ಆಗಿರುವ ‘ಯು’ ಒಂದನ್ನು ತೆಗೆದುಕೊ. ಅದರ ಶೂನ್ಯವಲ್ಲದ ವೆಕ್ಟರ್‌ಗಳು ಮುಟ್ಟುವ ಪ್ರೊಜೆಕ್ಟಿವ್ ಬಿಂದುಗಳೆಲ್ಲ ಸೇರಿದರೆ ಲೀನಿಯರ್ ಸೆಟ್. ಬಿಂದುಗಳು ಸಿಕ್ಕಿದವೆಂದು ‘ಯು’ವನ್ನು ಮರೆತುಬಿಡಬೇಡ. ನಾನು ಹೇಳಬೇಕಾದದ್ದು ಇಷ್ಟೇ, ಆದರೆ ಕೈಯಾರೆ ಮಾಡಿ ನೋಡಿದರೇ ಇದು ಮನಸ್ಸಿಗೆ ಇಳಿಯುವುದು.

ಹಾಳೆ ತೆಗೆದುಕೊಂಡು, ನಾಲ್ಕು ಅಂಶಗಳ ಫೀಲ್ಡ್ ಮೇಲಿನ ಪ್ರೊಜೆಕ್ಟಿವ್ ರೇಖೆಯನ್ನು ಬರೆದುಕೊ. ಅದರಲ್ಲಿ 5 ಬಿಂದು, ಒಂದೊಂದರಲ್ಲೂ ಶೂನ್ಯವಲ್ಲದ 3 ವೆಕ್ಟರ್. ಚಿಕ್ಕ ಫೀಲ್ಡ್ ಎಂದರೆ ಇಲ್ಲಿ 0 ಮತ್ತು 1. ‘ಯು’ವಿನ ವೆಕ್ಟರ್‌ಗಳಲ್ಲಿ ಮೊದಲ ನಿರ್ದೇಶಾಂಕ ಆ ನಾಲ್ಕರಲ್ಲಿ ಯಾವುದಾದರೂ ಇರಲಿ, ಎರಡನೆಯದು 0 ಅಥವಾ 1 ಮಾತ್ರ. ಶೂನ್ಯ ಬಿಟ್ಟರೆ 7 ವೆಕ್ಟರ್ ಉಳಿಯುತ್ತವೆ. ಅವುಗಳಲ್ಲಿ 3 ಒಂದೇ ಬಿಂದುವಿನಲ್ಲಿ ಬೀಳುತ್ತವೆ, ಮಿಕ್ಕ 4 ಬೇರೆ ಬೇರೆ ಬಿಂದುಗಳಿಗೆ ಹೋಗುತ್ತವೆ. ಇಡೀ ರೇಖೆ ತುಂಬಿತು. ಒಂದು ಬಿಂದುವಿನಲ್ಲಿ ಬೀಳುವ ‘ಯು’ವಿನ ಭಾಗಕ್ಕೆ ಚಿಕ್ಕ ಫೀಲ್ಡ್ ಲೆಕ್ಕದಲ್ಲಿ ಎಷ್ಟು ಆಯಾಮವೋ ಅದೇ ಆ ಬಿಂದುವಿನ ತೂಕ. ಮೊದಲ ಬಿಂದುವಿನ ತೂಕ 2, ಉಳಿದವುಗಳದು 1. ಈಗ ನಿರ್ದೇಶಾಂಕಗಳನ್ನು ಅದಲುಬದಲು ಮಾಡು. ಬಿಂದುಗಳು ಅವೇ ಐದು, ಆದರೆ ತೂಕ 2 ಈಗ ಬೇರೊಂದು ಬಿಂದುವಿನದು! ಬರೀ ಬಿಂದುಗಳ ಪಟ್ಟಿ ನೋಡಿ ಅವು ಯಾವ ‘ಯು’ವಿನಿಂದ ಬಂದವೆಂದು ಹೇಳುವ ಹಾಗಿಲ್ಲ. ಎರಡು ಲೀನಿಯರ್ ಸೆಟ್‌ಗಳು ಸಮತುಲ್ಯವೋ ಅಲ್ಲವೋ ಎಂಬ ಪ್ರಶ್ನೆ ಕಗ್ಗಂಟಾಗಲು ಇದೊಂದು ದೊಡ್ಡ ಕಾರಣ.

ಆಮೇಲೆ ಅದೇ ಫೀಲ್ಡ್‌ನ ಸಮತಲಕ್ಕೆ ಬಾ. ಅಲ್ಲಿ 21 ಬಿಂದು, 21 ರೇಖೆ. ಮೂರು ನಿರ್ದೇಶಾಂಕಗಳೂ 0 ಅಥವಾ 1 ಆದಾಗ ಸಿಗುವುದು 7 ಬಿಂದುಗಳ ಫಾನೊ ಸಮತಲ. ಎಲ್ಲದರ ತೂಕವೂ 1, ಇಂಥದ್ದನ್ನೇ ಸ್ಕ್ಯಾಟರ್ಡ್ ಎನ್ನುವುದು. 21 ರೇಖೆಗಳಲ್ಲಿ ಒಂದೂ ಈ ಏಳನ್ನು ತಪ್ಪಿಸಿಕೊಳ್ಳಲಾರದು. ರೇಖೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಕೂರಬೇಡ. ಚಿಕ್ಕ ಫೀಲ್ಡ್ ಲೆಕ್ಕದಲ್ಲಿ ಇಡೀ ಸ್ಪೇಸ್‌ನ ಆಯಾಮ 6, ರೇಖೆಯದು 4, ‘ಯು’ವಿನದು 3. ನಾಲ್ಕೂ ಮೂರೂ ಕೂಡಿದರೆ ಆರನ್ನು ಮೀರುತ್ತದೆ, ಹಾಗಾಗಿ ಎರಡೂ ಎಲ್ಲೋ ಕೂಡಲೇಬೇಕು. ಈ ವಿಷಯದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ವಾದ ಬೇರೆ ಇಲ್ಲ. ಇದು ಹೊಳೆಯುವುದು ‘ಯು’ ಕಣ್ಣೆದುರು ಇದ್ದಾಗ ಮಾತ್ರ. 7 ರೇಖೆಗಳು 3 ಬಿಂದುಗಳಲ್ಲೂ 14 ರೇಖೆಗಳು ಒಂದೇ ಬಿಂದುವಿನಲ್ಲೂ ಕೂಡುತ್ತವೆ, ಅದನ್ನು ನೀನೇ ಸಾಧಿಸು.

ಸ್ಕ್ಯಾಟರ್ಡ್ ಸೆಟ್‌ಗಳನ್ನು ಕೋಡ್‌ಗಳಿಗೆ ಬೆಸೆದ ಜಾನ್ ಶೀಕಿಯವರ 2016ರ ಲೇಖನ ಓದಲು ನಿನಗೆ ಆತುರವಿದ್ದೀತು. ಅದಕ್ಕೂ ಮೊದಲು ಒಂಬತ್ತು ಅಂಶಗಳ ಫೀಲ್ಡ್‌ನಲ್ಲಿ ಇದನ್ನೆಲ್ಲ ಇನ್ನೊಮ್ಮೆ ಮಾಡು. ಅಲ್ಲಿ 91 ಬಿಂದುಗಳ ನಡುವೆ 13ರ ಉಪಸಮತಲ ಸಿಗುತ್ತದೆ. ಎಲ್ಲಿಯಾದರೂ ತೊಡಕಾದರೆ ಹಾಳೆಗಳನ್ನು ತೆಗೆದುಕೊಂಡು ಮನೆಗೆ ಬಾ.