ತೂಕ ಕುಂಡಕ್ಕಿರಲಿ, ಮಣ್ಣಿಗಲ್ಲ

ತಾರಸಿಯ ಕುಂಡ ಉರುಳುವುದೂ ಅದರೊಳಗಿನ ಬೇರು ಕೊಳೆಯುವುದೂ ಹಲವು ಸಲ ಒಂದೇ ತಪ್ಪಿನ ಎರಡು ಮುಖ. ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಕುಂಡ ಒಣಗಿದರೆ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಮೇಲೆ ಗಿಡ ಪೊದೆಯಾಗಿ ಗಾಳಿ ಹಿಡಿಯುತ್ತದೆ. ಬಾಯಿ ಅಗಲ, ತಳ ಕಿರಿದಾದ ಕುಂಡವಾದರಂತೂ ಹೇಳುವುದೇ ಬೇಡ.

ಬೆಂಗಳೂರಿನಲ್ಲಿ ಇದರ ಪರೀಕ್ಷೆ ಏಪ್ರಿಲ್, ಮೇ ತಿಂಗಳ ಗಾಳಿ ಬೀಸುವ ಸಂಜೆಗಳಲ್ಲಿ. ಇದನ್ನು ಬರೆಯುತ್ತಿರುವವರ ಮನೆಯಲ್ಲಿ ಎರಡನೇ ಮಹಡಿಯ ಪ್ಯಾರಪೆಟ್ ಗೋಡೆಯ ಮೇಲೆ ಕರಿಬೇವಿನ ಕುಂಡವಿತ್ತು. ಕೆಳಗಿಳಿಸು ಎಂದು ಅಕ್ಕ ಎರಡು ಸಲ ಹೇಳಿದ್ದರು. ಅಲ್ಲಿ ಬಿಸಿಲು ಚೆನ್ನಾಗಿದೆಯೆಂಬ ಹಟದಿಂದ ಕುಂಡ ಅಲ್ಲೇ ಉಳಿಯಿತು. ಒಂದು ಸಂಜೆ ಧೂಳೆದ್ದು ಬೀಸಿದ ಗಾಳಿಗೆ ಕುಂಡ ಹೊರಕ್ಕೆ ವಾಲಿತು, ಮತ್ತೆ ನೆಟ್ಟಗಾಯಿತು. ಓಡಿಹೋಗಿ ಕೈ ಚಾಚುವಷ್ಟರಲ್ಲಿ ಇನ್ನೊಂದು ಬೀಸು ಬಂತು. ಬೆರಳಿಗೆ ಸಿಕ್ಕಿದ್ದು ಎರಡು ಎಲೆ ಮಾತ್ರ. ಕೆಳಗಿನಿಂದ ಸದ್ದು ಕೇಳಿಸಿತು. ಇಣುಕಿ ನೋಡಲು ಕಾಲು ಬರಲಿಲ್ಲ. ಹಾಲು ತರುತ್ತಿದ್ದ ಹುಡುಗನೊಬ್ಬ ಗೇಟಿನ ಬಳಿ, ಕುಂಡ ಬಿದ್ದ ಜಾಗದಿಂದ ಮೂರು ಹೆಜ್ಜೆ ಆಚೆ, ಮೇಲೆ ನೋಡುತ್ತ ನಿಂತಿದ್ದ. ಅವನಿಗೆ ಏನೂ ಆಗಿರಲಿಲ್ಲ.

ತಪ್ಪಿನ ಎರಡನೇ ಮುಖ ಕಂಡದ್ದು ಈ ಹೆದರಿಕೆಯಿಂದ. ನರ್ಸರಿಯವರೊಬ್ಬರ ಮಾತು ನಂಬಿ, ಹೊಸ ಕುಂಡದ ತಳಕ್ಕೆ ಜಲ್ಲಿ ಹಾಕಿ, ತೂಕಕ್ಕೆಂದು ಬರೀ ಕೆಂಪು ಮಣ್ಣು ತುಂಬಲಾಯಿತು. ಕುಂಡ ಅಲುಗಲಿಲ್ಲ, ಗಿಡ ಸತ್ತಿತು. ಜೇಡಿ ಹೆಚ್ಚಿರುವ ಮಣ್ಣು ನೀರು ಹೊಯ್ದಂತೆಲ್ಲ ಒತ್ತಿಕೊಂಡು ಗಾಳಿಯ ಸಂದುಗಳನ್ನು ಕಳೆದುಕೊಳ್ಳುತ್ತದೆ, ಉಳಿದ ಸಂದುಗಳಲ್ಲಿ ನೀರು ನಿಲ್ಲುತ್ತದೆ. ಆಮ್ಲಜನಕವು ನೀರಿನಲ್ಲಿ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಉಸಿರುಗಟ್ಟಿದ ಬೇರು ನೀರೆಳೆಯಲಾರದೆ ಎಲೆ ಬಾಡುತ್ತದೆ. ಬಾಡಿದ್ದು ಕಂಡು ಇನ್ನೊಂದು ತಂಬಿಗೆ ನೀರು ಬೀಳುತ್ತದೆ. ತಳದ ಜಲ್ಲಿಯೂ ಉಪಯೋಗಕ್ಕೆ ಬರುವುದಿಲ್ಲ. ಮಣ್ಣಿನ ಸಣ್ಣ ಸಂದುಗಳು ಪೂರ್ತಿ ತೊಯ್ಯುವ ತನಕ ನೀರು ಜಲ್ಲಿಗೆ ಇಳಿಯದು, ಹೀಗಾಗಿ ಕೆಸರಿನ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ತೂಕ ಕುಂಡದಲ್ಲೇ ಇರಬೇಕು: ಅಗಲ ತಳದ ಸಿಮೆಂಟ್ ಅಥವಾ ಸುಟ್ಟ ಮಣ್ಣಿನ ಕುಂಡ, ಸುತ್ತ ಒತ್ತಾಗಿ ಇಟ್ಟಿಗೆ. ಒಳಗೆ ಕೆಂಪು ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು. ತಳದ ತೂತು ಮುಚ್ಚದಂತೆ ಕುಂಡವನ್ನು ಹೆಂಚಿನ ಚೂರುಗಳ ಮೇಲಿಟ್ಟು, ಮಣ್ಣಿಗೆ ಬೆರಳು ಇಳಿಸಿ ಒಣಗಿದೆಯೇ ಎಂದು ನೋಡಿದ ಮೇಲೆಯೇ ನೀರು ಹೊಯ್ಯಬೇಕು.

ಪ್ಯಾರಪೆಟ್ ಮೇಲೆ ಕುಂಡ ಇಟ್ಟಿರುವವರು ದಯವಿಟ್ಟು ಇವತ್ತೇ ಕೆಳಗಿಳಿಸಿ.