ದಿನಾ ಜೋರಾಗಿ ಓಡಿದರೂ ಟೈಮಿಂಗ್ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ಸರ್, ನನಗೆ 22 ವರ್ಷ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ತಯಾರಿ ನಡೆಸಿದ್ದೇನೆ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಎರಡು ತಿಂಗಳಿಂದ ದಿನಾ ನಸುಕಿನಲ್ಲಿ ಜೀವ ಬಿಟ್ಟು ಓಡುತ್ತಿದ್ದೇನೆ. ಮೊದಲು ಸುಧಾರಿಸಿತು, ಈಗ ಏಳು ನಿಮಿಷಕ್ಕೆ ನಿಂತುಬಿಟ್ಟಿದೆ. ಮೊಣಕಾಲ ಕೆಳಗಿನ ಎಲುಬು ನೋಯುತ್ತದೆ. ಹಗಲೆಲ್ಲ ದ್ರಾಕ್ಷಿ ತೋಟದ ಕೆಲಸ. ಗೆಳೆಯರು ಪ್ರೋಟೀನ್ ಪುಡಿ ತಗೋ ಅನ್ನುತ್ತಾರೆ. ನನ್ನ ಮೈಯಲ್ಲಿ ಕಸುವು ಇಷ್ಟೇ ಏನು?
– ಓದುಗ, ಘೋಣಸಗಿ

ಉತ್ತರ: ತಮ್ಮಾ, ಕಸುವು ಕಡಿಮೆ ಇಲ್ಲ, ಅದು ಬೆಳೆಯಲು ನೀನು ಬಿಡುವು ಕೊಡುತ್ತಿಲ್ಲ. ಓಟ ಮೈಯನ್ನು ದಣಿಸುತ್ತದೆ. ಮೈ ಗಟ್ಟಿಯಾಗುವುದು ಆಮೇಲಿನ ಊಟ, ನಿದ್ದೆ, ವಿಶ್ರಾಂತಿಯಲ್ಲಿ. ದಿನಾ ಪರೀಕ್ಷೆ ಬರೆಯುತ್ತ ಕೂತರೆ ಓದುವುದು ಯಾವಾಗ?

1600 ಮೀಟರಿಗೆ ಬೇಕಾದ ಶಕ್ತಿಯ ಬಹುಪಾಲು ಆಮ್ಲಜನಕವನ್ನು ನಂಬಿದೆ. ಮಾತಾಡುತ್ತ ಓಡಬಹುದಾದಷ್ಟು ನಿಧಾನದ ಓಟವೇ ಅದಕ್ಕೆ ಬುನಾದಿ. ಅದರಿಂದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳೂ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳೂ ಹೆಚ್ಚುತ್ತವೆ. ದಮ್ಮು ವಾರಗಳಲ್ಲಿ ಸುಧಾರಿಸುತ್ತದೆ, ಎಲುಬು ಗಟ್ಟಿಯಾಗಲು ತಿಂಗಳುಗಳೇ ಬೇಕು. ನಿನ್ನ ಕಾಲುನೋವಿಗೆ ಬಹುಶಃ ಇದೇ ಕಾರಣ.

ನೋವು ಇಳಿಯುವವರೆಗೆ ಓಟ ಬಿಟ್ಟು ಸೈಕಲ್ ತುಳಿ. ಎಲುಬಿಗೆ ಪೆಟ್ಟಿಲ್ಲದೆ ದಮ್ಮು ಉಳಿಯುತ್ತದೆ. ಒಂದೇ ಕಡೆ ಒತ್ತಿದರೆ ಚುಚ್ಚುವ, ರಾತ್ರಿಯೂ ಬಿಡದ ನೋವಿದ್ದರೆ ಎಲುಬಿನ ಡಾಕ್ಟರಿಗೆ ತೋರಿಸು.

ಆಮೇಲೆ ವಾರಕ್ಕೆ ಮೂರು ದಿನ ನಿಧಾನ ಓಟ, ಒಂದೇ ದಿನ ಜೋರು: 400 ಮೀಟರನ್ನು 95 ಸೆಕೆಂಡಿನಲ್ಲಿ ನಾಲ್ಕು ಸಲ, ನಡುವೆ ಎರಡು-ಮೂರು ನಿಮಿಷ ನಡಿಗೆ. ಪರೀಕ್ಷೆಯ ದಿನ 400 ಮೀಟರಿನ ಒಂದೊಂದು ಸುತ್ತಿಗೂ 97 ಸೆಕೆಂಡ್ ಹಿಡಿದರೆ ಗುರಿ ಮುಟ್ಟುತ್ತೀ. ಮೊದಲ ಸುತ್ತಿನಲ್ಲೇ ಹುರುಪು ಖಾಲಿ ಮಾಡಬೇಡ. ತೋಟದಲ್ಲಿ ಭಾರಿ ಕೆಲಸವಿದ್ದ ದಿನ ಓಟಕ್ಕೆ ರಜೆ. ಮೈಗೆ ಆ ದುಡಿಮೆಯೂ ಲೆಕ್ಕವೇ.

ಪುಡಿಗೆ ರೊಕ್ಕ ಸುರಿಯಬೇಡ. ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು, ತತ್ತಿ ಹೊಟ್ಟೆ ತುಂಬ ತಿನ್ನು. ಏಳೆಂಟು ತಾಸು ಮಲಗು. ಓಡುವಾಗ ಎದೆ ನೋವು, ತಲೆ ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ದವಾಖಾನೆಗೆ ಹೋಗು.

ನೇಮಕಾತಿ ಒಂದು ವೇಳೆ ಮುಂದೆ ಹೋದರೂ ತಾಲೀಮು ಬಿಡಬೇಡ. ಎರಡು-ಮೂರು ವಾರ ಪೂರ್ತಿ ಬಿಟ್ಟರೂ ದಮ್ಮು ಇಳಿಯತೊಡಗುತ್ತದೆ. ಗಡಿಯಾರ ಹಿಡಿದು ಪೂರ್ತಿ 1600 ಮೀಟರ್ ಓಡುವುದು ಹದಿನೈದು ದಿನಕ್ಕೊಮ್ಮೆ ಸಾಕು.