ಉಳಿದದ್ದಕ್ಕೂ ಲೆಕ್ಕವಿರಲಿ

ನೋಡಮ್ಮ, ಎಂ.ಎಸ್ಸಿ. ಮುಗಿಯುತ್ತಾ ಬಂತು. ಮುಂದೆ ಪಿಎಚ್.ಡಿ. ಮಾಡುತ್ತೇನೆ, ಅದೂ ಕೈಗಾರಿಕೆಗೆ ಒದಗುವ ಹೊಸ ವಸ್ತುಗಳ ಮೇಲೆ ಎಂದೆಯಲ್ಲ, ಈ ತಾತನಿಗೆ ಅದಕ್ಕಿಂತ ಸಂತೋಷದ ಸುದ್ದಿಯಿಲ್ಲ. ನರಸಾಪುರದ ಫ್ಯಾಕ್ಟರಿಗೆ ಸೇರಿದರೆ ಬರುವ ತಿಂಗಳೇ ಸಂಬಳ, ಇನ್ನೂ ಐದು ವರ್ಷ ಓದುವುದೇಕೆ ಎಂದು ನಿಮ್ಮಪ್ಪ ಕೇಳುತ್ತಿದ್ದಾನೆ. ಅವನ ಮೇಲೆ ಮುನಿಸಿಕೊಳ್ಳಬೇಡ, ದುಡ್ಡಿನ ಚಿಂತೆ ಸುಳ್ಳಲ್ಲ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಂಶೋಧನಾ ವೇತನ ಗಿಟ್ಟಿಸಿಕೊಂಡರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 2023ರಿಂದ ಇರುವ ದರ ಇದು. ಹಣ ತಡವಾಗಿ ಕೈಸೇರುವುದೂ ಉಂಟು. ಮೂರ್ನಾಲ್ಕು ತಿಂಗಳ ಖರ್ಚು ಇಟ್ಟುಕೊಂಡೇ ಬೆಂಗಳೂರಿಗೆ ಹೊರಡು.

ನೀನು ಹಿಡಿಯಲಿರುವ ದಾರಿಯಲ್ಲಿ ನಮ್ಮ ನಾಡಿನಲ್ಲೇ ನೂರು ವರ್ಷದ ಹಿಂದೆ ಕೆಲವರು ನಡೆದಿದ್ದಾರೆ. 1914ರ ಯುದ್ಧದಿಂದ ಮೈಸೂರಿನ ಶ್ರೀಗಂಧ ಜರ್ಮನಿಗೆ ಹೋಗುವುದು ನಿಂತು, ಕೊರಡುಗಳು ಇಲ್ಲೇ ರಾಶಿ ಬಿದ್ದವು. ಆಗ ಟಾಟಾ ಇನ್‌ಸ್ಟಿಟ್ಯೂಟಿನ (ಈಗಿನ ಐಐಎಸ್‌ಸಿ) ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ಇಳಿಸುವ ಕ್ರಮವನ್ನು ಪ್ರಯೋಗಾಲಯದಲ್ಲೇ ಹದಕ್ಕೆ ತಂದರು. 1916ರ ಹೊತ್ತಿಗೆ ಎಣ್ಣೆ ಬಂತು, ಅದರ ಬೆನ್ನಿಗೇ ಸೋಪಿನ ಕಾರ್ಖಾನೆ.

ಇನ್ನೊಂದು ಕಥೆ ಹತ್ತಿರದ್ದು. ನಮ್ಮ ಆವನಿಯಿಂದ ಕೆಜಿಎಫ್ ಚಿನ್ನದ ಗಣಿ ಎಷ್ಟು ದೂರ! ನುಣ್ಣಗೆ ಅರೆದ ಅದಿರಿಗೆ ತೆಳು ಸೈನೈಡ್ ದ್ರಾವಣ ಹಾಯಿಸಿ ಗಾಳಿಯಾಡಿಸಿದರೆ ಚಿನ್ನ ಕರಗುತ್ತದೆ, ಸತು ಹಾಕಿದರೆ ಮತ್ತೆ ಹೊರಬೀಳುತ್ತದೆ. 1887ರಲ್ಲಿ ಸ್ಕಾಟ್ಲೆಂಡಿನವರು ಪೇಟೆಂಟ್ ಪಡೆದ ಈ ವಿಧಾನ ನೋಡಲು ಬಲು ಚೆಂದ. ಚಿನ್ನ ಹೋಯಿತು, 2001ರ ಫೆಬ್ರವರಿ 28ಕ್ಕೆ ಗಣಿಯೂ ಮುಚ್ಚಿತು. ಸುಮಾರು 3.3 ಕೋಟಿ ಟನ್ ಅರೆದ ಮಣ್ಣು ಮಾತ್ರ 13 ದಿಬ್ಬಗಳಾಗಿ ಅಲ್ಲೇ ಇದೆ. ಗಾಳಿ ಕಾಲದಲ್ಲಿ ಆ ಧೂಳು ಮನೆಮನೆಗೆ ನುಗ್ಗುತ್ತದೆ. ಅದರಲ್ಲಿ ಉಳಿದಿರುವ ಚೂರುಪಾರು ಚಿನ್ನಕ್ಕಾಗಿ ಅದನ್ನು ಮತ್ತೆ ಕೆದಕಲು 2024ರಲ್ಲಿ ರಾಜ್ಯ ಸರ್ಕಾರ ಒಪ್ಪಿದೆ. ಅದಕ್ಕೂ ಕೆಮಿಸ್ಟ್ರಿ ಬಲ್ಲವರೇ ಬೇಕು. ಈ ಸಲವಾದರೂ, ತೆಗೆದ ಮೇಲೆ ಉಳಿಯುವುದರ ಗತಿಯೇನು ಎಂದು ಮೊದಲ ದಿನವೇ ಕೇಳುವವರು ಬೇಕು. ನೀನು ಆ ಜಾತಿಯ ಕೆಮಿಸ್ಟ್ ಆಗಬೇಕೆಂಬುದು ನನ್ನಾಸೆ.

ನಮ್ಮ ನೀರನ್ನೇ ತೆಗೆದುಕೋ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಗ್ರಾನೈಟಿನ ಆಳಕ್ಕೆ ಕೊರೆದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಮೀರಿದರೆ ಏನಾಗುತ್ತದೆಂದು ಎಳೆ ಮಕ್ಕಳ ಹಲ್ಲಿನ ಕಂದು ಕಲೆಯಲ್ಲೇ ನೀನು ಕಂಡಿದ್ದೀಯ. ಇದಕ್ಕೆ ಸಕ್ರಿಯ ಅಲ್ಯೂಮಿನಾ ಹಳೆಯ ಮದ್ದು. ಪಿಎಚ್ 5.5ರ ಸುತ್ತ ಅದು ಫ್ಲೋರೈಡನ್ನು ಚೆನ್ನಾಗಿ ಹೀರುತ್ತದೆ. ಬೈಕಾರ್ಬೊನೇಟ್ ತುಂಬಿದ ಬೋರ್‌ವೆಲ್ ನೀರು ಅಷ್ಟು ಆಮ್ಲೀಯವಾಗಿರುವುದಿಲ್ಲವಾದ್ದರಿಂದ ಹೀರುವುದು ಕಡಿಮೆಯಾಗುತ್ತದೆ. ತುಂಬಿಹೋದ ಅಲ್ಯೂಮಿನಾವನ್ನು ಕಾಸ್ಟಿಕ್ ಸೋಡಾದಿಂದ ತೊಳೆದರೆ ಫ್ಲೋರೈಡೆಲ್ಲ ಆ ತೊಳೆದ ನೀರಿಗಿಳಿಯುತ್ತದೆ. ಆ ನೀರನ್ನು ಎಲ್ಲಿ ಸುರಿಯುವುದು? ಆರ್‌ಒ ಘಟಕದ್ದೂ ಇದೇ ಪಾಡು: ಶುದ್ಧ ನೀರು ಕ್ಯಾನಿಗೆ, ಉಪ್ಪು ಗಟ್ಟಿಯಾದ ನೀರು ಚರಂಡಿಗೆ, ಅಲ್ಲಿಂದ ಮತ್ತೆ ನೆಲಕ್ಕೆ.

ಫ್ಲೋರೈಡ್ ಹೀರುವ ಹೊಸ ವಸ್ತು ಕಂಡುಹಿಡಿದೆವೆಂದು ಸಾರುವ ಪ್ರಬಂಧ ಓದುವಾಗ ಮೂರು ಸಂಗತಿ ಹುಡುಕು. ಪರೀಕ್ಷೆ ನಡೆದದ್ದು ಬಟ್ಟಿ ಇಳಿಸಿದ ನೀರಿನಲ್ಲೋ, ನಿಜವಾದ ಬಾವಿ ನೀರಿನಲ್ಲೋ? ಎಷ್ಟು ಸಲ ತೊಳೆದು ಬಳಸಿದರು? ಉಳಿದ ಕಸವನ್ನು ಏನು ಮಾಡಿದರು? ಮೂರನೆಯದಕ್ಕೆ ಉತ್ತರವಿಲ್ಲದ ಪ್ರಬಂಧಗಳು ರಾಶಿ ಸಿಗುತ್ತವೆ. ನಿನಗೆ ಕೆಲಸ ಇರುವುದು ಅಲ್ಲೇ.

ಸಂಸ್ಥೆಯ ಹೆಸರೊಂದನ್ನೇ ನೋಡಿ ಸೇರಬೇಡ. ಐಐಎಸ್‌ಸಿ ದೊಡ್ಡದು. ಸಿ.ಎನ್.ಆರ್. ರಾವ್ ಅವರು 1989ರಲ್ಲಿ ಕಟ್ಟಿದ ಜಕ್ಕೂರಿನ ನೆಹರೂ ಕೇಂದ್ರವೂ ದೊಡ್ಡದು. ಆದರೆ ಪಿಎಚ್.ಡಿ.ಯ ವರ್ಷಗಳನ್ನು ನೀನು ಕಳೆಯುವುದು ಒಬ್ಬ ಗೈಡ್ ಕೈಕೆಳಗೆ. ಅವರ ಲ್ಯಾಬಿನ ಸೀನಿಯರ್‌ಗಳನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಮಾತಾಡಿಸು. ಥೀಸಿಸ್ ಮುಗಿಯಲು ಎಷ್ಟು ವರ್ಷ ಹಿಡಿಯಿತು, ಮುಗಿಸಿದವರು ಎಲ್ಲಿದ್ದಾರೆ, ಪ್ರಯೋಗ ಕೈಕೊಟ್ಟ ದಿನ ಗೈಡ್ ಹೇಗೆ ನಡೆದುಕೊಳ್ಳುತ್ತಾರೆ, ಎಲ್ಲ ಕೇಳು. ಆಮೇಲೆ ಕೆಮಿಕಲ್ ಎಂಜಿನಿಯರಿಂಗ್ ವಿಭಾಗದಲ್ಲೂ ಒಂದಿಬ್ಬರನ್ನು ಪರಿಚಯ ಮಾಡಿಕೋ. ಫ್ಲಾಸ್ಕಿನಲ್ಲಿ ಒಂದು ಗ್ರಾಂ ಮಾಡುವಾಗ ತಾನೇ ಆರುವ ಬಿಸಿ, ನೂರು ಕಿಲೋದ ರಿಯಾಕ್ಟರಿನಲ್ಲಿ ಆರದೆ ಅನಾಹುತ ಮಾಡುತ್ತದೆ. ಕಂಪನಿಯ ಸಂದರ್ಶನದಲ್ಲಿ ಈ ತಿಳಿವಳಿಕೆ ನಿನ್ನ ಕೈ ಹಿಡಿಯುತ್ತದೆ. ರಾತ್ರಿ ಲ್ಯಾಬಿನಲ್ಲಿ ಒಬ್ಬಳೇ ಕೆಲಸ ಮಾಡಬೇಡ, ಯಾರು ಹೇಳಿದರೂ.

ಬಾವಿ ನೀರು ಬೇಕಾದಾಗ ಫೋನ್ ಮಾಡು. ಪ್ಲಾಸ್ಟಿಕ್ ಕ್ಯಾನಿನಲ್ಲೇ ತುಂಬಿಸಿ, ದಿನಾಂಕ ಬರೆದು, ಬೆಂಗಳೂರು ಬಸ್ಸಿನಲ್ಲಿ ಕಳಿಸುತ್ತೇನೆ. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಸೀಸೆ ಆಗದು.